ನಾಲ್ಕು ಬಾಕ್ಸು ಟೊಮೇಟೊ

ಮಂಡಿಯ ಲಾರಿಗಳೆಲ್ಲ ಹೊರಟ ಮೇಲೆ, ಮೂರೂವರೆಗೆ,
ಮುಳಬಾಗಿಲು ರಸ್ತೆಯ ನಮ್ಮ ಅಂಗಡಿಗೆ ಬಂತು
ತಮಕದ ಹಲ್ಲಿನ ಡಾಕ್ಟರು ವಾರಿಜಮ್ಮನ ಬಿಳಿ ಕಾರು.
ಬಾಗಿಲ ಕೆಳಗೆಲ್ಲ ರಬ್ಬರಿನ ಕರಿ ಚುಕ್ಕಿ.
ಹಿಂದಿನ ಸೀಟು ಇದ್ದ ಜಾಗದಲ್ಲಿ ಒಂದು ಹೆಲ್ಮೆಟ್ಟು,
ಪಕ್ಕದಲ್ಲಿ ಟಿಫಿನ್ ಕ್ಯಾರಿಯರು.

ಮದರಾಸಿಗೆ ಹೋಗಿದ್ರಾ ಅಂತ ಕೇಳುವುದೇ ಬೇಡ.
ಮುಂದಿನ ಎಡ ಟಯರಿನ ಹೊರಭುಜ
ಸೀದ ರೊಟ್ಟಿಯ ಅಂಚಿನ ಹಾಗೆ ಸುರುಟಿಕೊಂಡಿತ್ತು.
ಒಂದು ಭಾನುವಾರ, ಇಪ್ಪತ್ತು ಸುತ್ತು, ಬಲ ತಿರುವೇ ಹೆಚ್ಚು.
ಒಳ ಅಂಚಿನಲ್ಲಿ ಬೇರೆ ಲೆಕ್ಕ:
ವಾರವೆಲ್ಲ ಮನೆ, ಕಾಲೇಜು, ತಂಗಿಯ ಮನೆ,
ಮತ್ತೆ ನಂಗಲಿ ದಾಟಿ ಘಟ್ಟ ಇಳಿದು
ಟ್ರ್ಯಾಕಿನ ಬಾಗಿಲ ತನಕ ಇದೇ ಟಯರಿನ ಮೇಲೆ.
ನಡುವೆ ಮಾತ್ರ ಗೀರುಗಳು
ನಿನ್ನೆ ಕೊಂಡ ಚಪ್ಪಲಿಯ ಹಾಗೆ.

ಅಂಗೈ ಇಟ್ಟೆ.
ಒಳಗಿಂದ ಹೊರಕ್ಕೆ ಸವರಿದರೆ ಬೆಕ್ಕು,
ಹೊರಗಿಂದ ಒಳಕ್ಕೆ ಸವರಿದರೆ ಗರಗಸ.

ಡಾಕ್ಟರೂ ಬಗ್ಗಿದರು, ಮೊಬೈಲಿನ ಬೆಳಕು ಬಿಟ್ಟು,
ಬಾಯಿ ತೆಗೀರಿ ಅನ್ನುವ ಹಾಗೆ.
"ಒಂದೇ ದವಡೇಲಿ ಅಗಿಯೋರ ಹಲ್ಲು ಹೀಗೇ ಇರುತ್ತೆ."
"ವಾರವೆಲ್ಲ ಒಂದು ದವಡೆ, ಭಾನುವಾರ ಇನ್ನೊಂದು" ಅಂದೆ.
ನಕ್ಕರು. ನಾನು ನಗಲಿಲ್ಲ, ಟಯರಿನ ಬೆಲೆ ಗೊತ್ತು.

ರಿಮ್ಮಿನಿಂದ ಬಿಚ್ಚಿ ಮಗ್ಗುಲು ಬದಲಿಸಿದೆವು.
ಬಾಣದ ಗುರುತು ಇತ್ತು, ಅದಕ್ಕೇ
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಭಾನುವಾರ ಸೀದದ್ದು ಒಳಗೆ ಹೋಗಿ ಸೋಮವಾರಕ್ಕೆ ದುಡಿಯಲಿ.

ಆಮೇಲೆ ಕೇಳಲೇಬೇಕಾಯಿತು.
ಸೀಟಿನಲ್ಲಿ ಆಳಿಲ್ಲದೆ ಹಿಡಿದ ಕೋನ
ನಿಲ್ಲಿಸಿದ ಕಾರಿನದು, ಓಡುವ ಕಾರಿನದಲ್ಲ.
"ತೂಕ ಎಷ್ಟಮ್ಮಾ?"
ನಾಲ್ಕು ಬೋಲ್ಟು ಬಿಗಿಯುವಷ್ಟು ಹೊತ್ತು ಸುಮ್ಮನಿದ್ದು
"ಐವತ್ತೆಂಟು."
ಸಿಬ್ಗತ್ ಮಂಡಿಗೆ ಓಡಿ ನಾಲ್ಕು ಬಾಕ್ಸು ಟೊಮೇಟೊ ತಂದ,
ಬಾಕ್ಸಿಗೆ ಹದಿನೈದು ಕಿಲೋ.
"ಅರವತ್ತಾಯ್ತಲ್ಲೋ?"
"ಎರಡು ಹೆಲ್ಮೆಟ್ಟಿಗೆ" ಅಂದ, ಯಾರ ಮುಖವನ್ನೂ ನೋಡದೆ.
ಮೂರು ಸೀಟಿನ ಮೇಲೆ, ಒಂದು ಕಾಲಿಡುವಲ್ಲಿ.
ಬೆಲ್ಟನ್ನೂ ಹಾಕಿದ.

ಮೇಲಿನ ಬೋಲ್ಟು ಸಡಿಲಿಸಿ ಚಕ್ರದ ತಲೆ ಒಳಕ್ಕೆ ವಾಲಿಸಿದೆ,
ಅರ್ಧ ಡಿಗ್ರಿ, ಇನ್ನೊಂದು ಕಾಲು,
ಎರಡರ ಹತ್ತಿರ ಬಂದಾಗ ಕೈ ನಿಂತಿತು.
"ಮೂರು ಇಡ್ರಿ, ಅಲ್ಲಿ ಎಲ್ಲರದ್ದೂ ಮೂರು."
"ಅವರ ಕಾರು ಲಾರಿ ಮೇಲೆ ಬರುತ್ತಮ್ಮಾ.
ನಿಮ್ಮದಕ್ಕೆ ಸೋಮವಾರಾನೂ ಬರುತ್ತಲ್ಲ."
ವಾಲಿದ್ದಕ್ಕೇ ಟಯರು ಅಷ್ಟು ಬೇಗ ಸಾಯುವುದಿಲ್ಲ.
ಒಂದು ಕಡೆ ನೋಡುತ್ತ ಇನ್ನೊಂದು ಕಡೆ ನಡೆದರೆ
ಸಾವಿರ ಕಿಲೋಮೀಟರಿಗೆ ತಂತಿ ಕಾಣಿಸುತ್ತದೆ.
ಟೋ ಸೊನ್ನೆಗೆ ತಂದೆ: ಟೈ ರಾಡು ಕೂದಲೆಳೆಯಷ್ಟು ಮುಂದೆ,
ಅರ್ಧ ಕೂದಲು ವಾಪಸು.

ಕಂಪ್ಯೂಟರು ಒಪ್ಪಲಿಲ್ಲ.
ಅದಕ್ಕೆ ಕಲಿಸಿದ ಪಾಠದಲ್ಲಿ ಚಕ್ರ ನೆಟ್ಟಗಿರಬೇಕು.
ಎರಡೂ ಮುಂಗಾಲಿಗೆ ಕೆಂಪು.
ಗಲ್ಲಾದಿಂದ ಓನರು ವೆಂಕಟಶಾಮಿ ಕೂಗಿದರು,
"ಕೆಂಪು ಶೀಟು ಹೊರಗೆ ಹೋದ್ರೆ ಮರ್ಯಾದೆ ಏನಾಗ್ಬೇಕು?"
ಇಪ್ಪತ್ತಾರು ವರ್ಷ ಹಸಿರು ಶೀಟೇ ಕೊಟ್ಟಿದ್ದೇನೆ.
ಎಷ್ಟೋ ಕಾರುಗಳು ಅದನ್ನು ಮಡಿಸಿ ಡ್ಯಾಶಿನಲ್ಲಿಟ್ಟುಕೊಂಡು
ಎಡಕ್ಕೆ ಎಳೆಯುತ್ತ ಹೋಗಿವೆ.
ಇದನ್ನು ಕೆಂಪಿನಲ್ಲೇ ಅಚ್ಚು ಹಾಕಿ
ಕೆಳಗೆ ಪೆನ್ನಿನಲ್ಲಿ ಬರೆದೆ: ಬೇಕೆಂದೇ.

ಬಾಕ್ಸುಗಳನ್ನು ಇಳಿಸಿ ಸರ್ವಿಸ್ ರೋಡಿಗೆ ಒಯ್ದು
ಸ್ಟೇರಿಂಗ್ ಬಿಟ್ಟು ಎಣಿಸಿದೆ.
ಏಳರ ತನಕ ದಾರದ ಹಾಗೆ ನೆಟ್ಟಗೆ,
ಎಂಟಕ್ಕೆ ತುಸು ಎಡಕ್ಕೆ.
ರಸ್ತೆಯೇ ಮೋರಿಯ ಕಡೆ ಇಳಿಜಾರು,
ಅದಕ್ಕೆ ನನ್ನ ಹತ್ತಿರ ಸ್ಪ್ಯಾನರಿಲ್ಲ.

ಬೆಲ್ಟಿನ ಕೆಳಗಿದ್ದ ಬಾಕ್ಸಿನಲ್ಲಿ ನಾಲ್ಕು ಹಣ್ಣು ಒಡೆದಿದ್ದವು.
ಮಂಡಿಯವನು ವಾಪಸು ತಗೊಳ್ಳಲ್ಲ ಅಂದ.
ಡಾಕ್ಟರು ದುಡ್ಡು ಕೊಟ್ಟು ಡಿಕ್ಕಿಯಲ್ಲಿ ಇಡಿಸಿಕೊಂಡರು.
"ಹದಿನೈದು ಕಿಲೋ ಹಿಂದೆ ಕೂತಿತಮ್ಮಾ, ಕೋನ ಹೋಯ್ತು."
"ಸಾರಾಗೋ ತನಕ ತಾನೆ" ಅಂದು
ಗೇರು ಹಾಕಿದರು.